ದಿನಕ್ಕೆ ನಾಲ್ಕು ಸೆಕೆಂಡು

ಬೆಳಿಗ್ಗೆ 7 ಗಂಟೆಗೆ, ಚಹಾಕ್ಕಿಂತ ಮೊದಲು, ನನಗೆ ಒಂದು ಕೆಲಸ ಉಂಟು. ಮೇಜಿನ ಮೇಲೆ ಓಡುತ್ತಿರುವ ಎರಡು ಮೂರು ಕಿಸೆ ಗಡಿಯಾರಗಳನ್ನು ಫೋನಿನ ಟೈಮಿಗೆ ಹೋಲಿಸಿ ನೋಡುತ್ತೇನೆ. ಯಾವುದು ಎಷ್ಟು ಸೆಕೆಂಡು ಮುಂದೆ, ಯಾವುದು ಎಷ್ಟು ಹಿಂದೆ ಅಂತ ನೋಟ್‌ಬುಕ್ಕಿನಲ್ಲಿ ಬರೆಯುತ್ತೇನೆ. ಆಮೇಲೆ ಚಾವಿ ಕೊಡುತ್ತೇನೆ. ಹನ್ನೊಂದು ವರ್ಷದಿಂದ ಹೀಗೆ ನಡೆದಿದೆ. ಜ್ವರ ಬಂದ ದಿನ ಹೆಂಡತಿ ಬರೆದದ್ದೂ ಅದರಲ್ಲಿ ಉಂಟು, ಅವಳ ಅಕ್ಷರ ನನ್ನದಕ್ಕಿಂತ ಚಂದ.

ಮನೆಗೆ ಬಂದವರು ಇವುಗಳನ್ನು ನೋಡಿ ಎರಡು ಪ್ರಶ್ನೆ ಕೇಳುತ್ತಾರೆ. "ಇದರಲ್ಲಿ ಚಿನ್ನದ್ದು ಯಾವುದು?" ಮತ್ತೆ "ಇಷ್ಟು ಹಳೇದು, ಸರಿಯಾದ ಟೈಮ್ ತೋರಿಸ್ತದಾ?" ಮೊದಲನೆಯದಕ್ಕೆ ಉತ್ತರ ಸುಲಭ: ಯಾವುದೂ ಇಲ್ಲ. ಎರಡನೆಯದಕ್ಕೆ ನಿಂತುಕೊಂಡು ಹೇಳಿ ಮುಗಿಸುವಷ್ಟು ಸಣ್ಣ ಉತ್ತರ ಇಲ್ಲ. ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ಶುರುವಾದದ್ದು ಮಂಗಳೂರಿನ ಬಂದರಿನ ಒಂದು ಗುಜರಿ ಅಂಗಡಿಯಲ್ಲಿ. ಹಳೇ ಮನೆಯ ಬಾಗಿಲಿಗೆ ಹಿತ್ತಾಳೆ ಚಿಲಕ ಹುಡುಕಿಕೊಂಡು ಹೋಗಿದ್ದೆ. ಚಿಲಕ ಸಿಗಲಿಲ್ಲ. ತೂಕದ ಬಟ್ಟುಗಳು, ಮುರಿದ ಬೀಗಗಳು ತುಂಬಿದ ಒಂದು ಡಬ್ಬದ ತಳದಲ್ಲಿ ಕಪ್ಪಾಗಿ ಹೋದ ಒಂದು ಗಡಿಯಾರ ಇತ್ತು. ಗ್ಲಾಸ್ ಇರಲಿಲ್ಲ, ನಿಮಿಷದ ಮುಳ್ಳು ಸೊಟ್ಟಗಾಗಿತ್ತು. ಅಂಗಡಿಯವರು ಬೆಳ್ಳಿಯ ತೂಕ ಹಿಡಿದು ರೇಟು ಹೇಳಿದರು. ತಂದು ಸಾಬೂನು ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಹೊರಗಿನ ಕೇಸನ್ನು ಒರೆಸಿದೆ. ಹಿಂದಿನ ಮುಚ್ಚಳದ ಅಂಚಿಗೆ ಉಗುರು ಸಿಕ್ಕಿಸಿದೆ, ಟಪ್ ಅಂತ ತೆರೆಯಿತು. ಅದರ ಒಳಗೆ ಇನ್ನೊಂದು ಮುಚ್ಚಳ. ಅದರ ಮೇಲೆ 'ಜೆನಿತ್' ಅಂತ ಸ್ವಿಸ್ ಕಂಪನಿಯ ಹೆಸರು, ಕೆಳಗೆ ಅದಕ್ಕೆ ಸಿಕ್ಕಿದ ಬಹುಮಾನ, 'ಗ್ರಾಂ ಪ್ರಿ, ಪ್ಯಾರಿಸ್ 1900' ಅಂತ ಕೆತ್ತಿತ್ತು. ಪಕ್ಕದಲ್ಲಿ ಸಾಸಿವೆ ಕಾಳಿನಷ್ಟು ದೊಡ್ಡ ಒಂದು ಹಕ್ಕಿಯ ಮುದ್ರೆ. ಅದು ಸ್ವಿಸ್ ಸರಕಾರದ ಬೆಳ್ಳಿ ಮುದ್ರೆ, ನೂರಕ್ಕೆ 80 ಪಾಲು ಬೆಳ್ಳಿ ಅಂತ ಅರ್ಥ, ಅನ್ನುವುದು ಆಮೇಲೆ ಗೊತ್ತಾಯಿತು.

ಅದನ್ನೂ ತೆರೆದೆ. ಹೊರಗೆ ಅಷ್ಟು ಮಸಿ ಹಿಡಿದ ಗಡಿಯಾರದ ಒಳಗೆ ಮೆಷಿನ್ ಹೊಳೆಯುತ್ತಿತ್ತು. ಚಕ್ರಗಳ ದಂಡದ ತುದಿ ಕೂರುವ ಕೆಂಪು ಕಲ್ಲುಗಳು, ಸ್ಕ್ರೂಗಳ ತಲೆಯ ನೀಲಿ, ಅತ್ತಿತ್ತ ಹೊರಳಿ ಟೈಮ್ ಅಳೆಯುವ ಬ್ಯಾಲೆನ್ಸ್ ಚಕ್ರದ ಅಂಚಿನಲ್ಲಿ ಸುತ್ತಲೂ ಕೂರಿಸಿದ ಪುಟ್ಟ ಪುಟ್ಟ ಚಿನ್ನದ ಬಣ್ಣದ ಸ್ಕ್ರೂಗಳು. ಯಾರೂ ನೋಡದ ಜಾಗದಲ್ಲಿ ಇಷ್ಟು ಕೆಲಸ ಯಾಕೆ ಮಾಡಿದ್ದಾರೆ ಅಂತ ಅವತ್ತು ರಾತ್ರಿ ಇಡೀ ಯೋಚನೆ ಮಾಡಿದ್ದೆ.

ಮೊದಲು ಕೊಟ್ಟ ರಿಪೇರಿ ಅಂಗಡಿಯವರು ಎರಡೇ ದಿನದಲ್ಲಿ "ಓಡ್ತದೆ" ಅಂತ ಕೊಟ್ಟರು. ಓಡಿತು ಕೂಡ. ಒಂದು ವಾರ. ಆಮೇಲೆ ಒಂದು ದಿನ 6 ನಿಮಿಷ ಹಿಂದೆ, ಮರುದಿನ 2 ನಿಮಿಷ ಮುಂದೆ, ಮತ್ತೆ ನಿಂತೇ ಹೋಯಿತು. ರಥಬೀದಿಯ ಹತ್ತಿರದ ಓಣಿಯಲ್ಲಿ ಒಂದು ಮೇಜಿನ ಅಗಲದ ಅಂಗಡಿ ಇಟ್ಟುಕೊಂಡ ಹಿರಿಯರೊಬ್ಬರ ಬಗ್ಗೆ ಯಾರೋ ಹೇಳಿದರು. ಅಲ್ಲಿಗೆ ಹೋದೆ. ಅವರು ಐ ಗ್ಲಾಸ್ ಕಣ್ಣಿಗೆ ಸಿಕ್ಕಿಸಿ ಅರ್ಧ ನಿಮಿಷ ನೋಡಿದರು.

"ಇದನ್ನು ಯಾರು ಮುಟ್ಟಿದ್ದು ಮಾರಾಯ್ರೆ? ಎಣ್ಣೆಯಲ್ಲಿ ಈಜಾಡ್ತಾ ಉಂಟು."

ಹೊಲಿಗೆ ಮೆಷಿನಿನ ಎಣ್ಣೆ ಬಿಟ್ಟಿದ್ದರಂತೆ. ತೆಳು ಎಣ್ಣೆ ಹರಡಿಕೊಂಡು ಹೋಗುತ್ತದೆ, ಬೇಕಾದ ಜಾಗ ಒಣಗುತ್ತದೆ, ಬೇಡದ ಜಾಗದಲ್ಲಿ ಧೂಳು ಹಿಡಿದು ಅಂಟಾಗುತ್ತದೆ. "ಗಡಿಯಾರಕ್ಕೆ ಎಣ್ಣೆ ಹೊಯ್ಯುವುದಲ್ಲ, ಇಡುವುದು. ಬೊಟ್ಟು ಇಟ್ಟ ಹಾಗೆ" ಅಂದರು. ಮೂರು ವಾರ ಬಿಟ್ಟು ಬರಲು ಹೇಳಿದರು. ನಾನು ಮೂರು ವಾರ ಕಾಯಲಿಲ್ಲ, ಪ್ರತಿ ಶನಿವಾರ ಹೋಗಿ ಅವರ ಎದುರಿನ ಸ್ಟೂಲಿನಲ್ಲಿ ಕೂತೆ. ಅವರೇನೂ ಬೇಡ ಅನ್ನಲಿಲ್ಲ. ಇಡೀ ಮೆಷಿನ್ ಬಿಚ್ಚಿ, ಪೆಟ್ರೋಲಿನಲ್ಲಿ ತೊಳೆದು, ಕಡ್ಡಿಯ ತುದಿಯನ್ನು ಬ್ಲೇಡಿನಿಂದ ಚೂಪು ಮಾಡಿ ಒಂದೊಂದು ಕಲ್ಲಿನ ತೂತನ್ನೂ ತಿರುವಿ ತಿರುವಿ ಒರೆಸುತ್ತಿದ್ದರು. ಕಡ್ಡಿಯ ತುದಿ ಕಪ್ಪಾದರೆ ಮತ್ತೆ ಚೂಪು ಮಾಡುವುದು, ಮತ್ತೆ ತಿರುವುವುದು. ತುದಿ ಬೆಳ್ಳಗೆ ಬರುವ ತನಕ. ಬ್ಯಾಲೆನ್ಸ್ ಚಕ್ರದ ದಂಡದ ತುದಿ ಇರುವುದೇ ಸುಮಾರು ಒಂದು ಮಿಲಿಮೀಟರಿನ ಹತ್ತನೇ ಒಂದು ಪಾಲು, ನಮ್ಮ ತಲೆಕೂದಲಿಗಿಂತ ಸ್ವಲ್ಪ ದಪ್ಪ ಅಷ್ಟೆ. ಇಡೀ ಚಕ್ರ ಆ ತುದಿಗಳ ಮೇಲೆಯೇ ತಿರುಗಬೇಕು. ಗಡಿಯಾರ ಕೈಜಾರಿ ಬಿದ್ದರೆ ಮೊದಲು ಮುರಿಯುವುದೂ ಅದೇ.

ಕೊನೆಯ ಶನಿವಾರ ನಾನು ನೋಡಿದ್ದನ್ನು ಇವತ್ತಿಗೂ ಮರೆತಿಲ್ಲ. ಎಲ್ಲ ಜೋಡಿಸಿಯಾಗಿತ್ತು. ಸ್ಪ್ರಿಂಗಿಗೆ ಸ್ವಲ್ಪ ಚಾವಿ ಕೊಟ್ಟಿದ್ದರು. ಚಿಮಟದ ತುದಿಯಲ್ಲಿ ಬ್ಯಾಲೆನ್ಸ್ ನೇತಾಡುತ್ತಿತ್ತು, ಅದನ್ನು ಅತ್ತಿತ್ತ ಹೊರಳಿಸುವ ಕೂದಲೆಳೆಯಂಥ ಸುರುಳಿ, ಹೇರ್‌ಸ್ಪ್ರಿಂಗ್, ಅದರ ಭಾರಕ್ಕೆ ಜಗ್ಗಿ ಗೋಪುರದ ಹಾಗೆ ನೀಳವಾಗಿತ್ತು. ಅವರು ಉಸಿರು ಹಿಡಿದು ಅದನ್ನು ಇಳಿಸಿದರು. ಕೆಳಗಿನ ತುದಿ ಕಲ್ಲಿನಲ್ಲಿ ಕೂತಿತು. ಚಕ್ರವನ್ನು ಮೇಲಿನಿಂದ ಹಿಡಿದಿಡುವ ಸೇತುವೆಯನ್ನು ಬೆರಳಿನಿಂದ ಮೆಲ್ಲಗೆ ಒತ್ತಿದರು. ಸ್ಕ್ರೂ ಇನ್ನೂ ಹಾಕಿರಲಿಲ್ಲ, ಅಷ್ಟರಲ್ಲೇ ಚಕ್ರ ಒಮ್ಮೆ ನಡುಗಿ, ಒಂದು ಬದಿಗೆ ಹೊರಳಿ, ವಾಪಸ್ ಬಂದು, ಓಡಲು ಶುರುವಾಯಿತು. ತಾನಾಗಿಯೇ. ಅವರು ಐ ಗ್ಲಾಸ್ ತೆಗೆದು ನನ್ನ ಮುಖ ನೋಡಿದರು, ಏನೂ ಹೇಳಲಿಲ್ಲ.

ಈಗ ಟೈಮಿನ ವಿಷಯಕ್ಕೆ ಬರುತ್ತೇನೆ. ಇಂಥ ಗಡಿಯಾರ ಸಾಮಾನ್ಯವಾಗಿ ಸೆಕೆಂಡಿಗೆ 5 ಬಡಿತ ಬಡಿಯುತ್ತದೆ. ಗಂಟೆಗೆ 18,000, ದಿನಕ್ಕೆ 4,32,000. ಅದರಲ್ಲಿ 20 ಬಡಿತ ಹೆಚ್ಚು ಕಡಿಮೆ ಆದರೆ ದಿನಕ್ಕೆ 4 ಸೆಕೆಂಡು ವ್ಯತ್ಯಾಸ. ನನ್ನ ಜೆನಿತ್ ದಿನಕ್ಕೆ ಸುಮಾರು 4 ಸೆಕೆಂಡು ಹಿಂದೆ ಬೀಳುತ್ತದೆ. ಕೇಳಿದವರು "ಅಯ್ಯೋ, ಹಾಗಾದರೆ ಸರಿ ಇಲ್ಲ" ಅನ್ನುತ್ತಾರೆ. ಹಾಗಲ್ಲ. ನಿನ್ನೆ 4, ಇವತ್ತು 4, ನಾಳೆಯೂ 4 ಆದರೆ ಅದು ಬಹಳ ಒಳ್ಳೆಯ ಗಡಿಯಾರ. ಒಂದು ದಿನ 10 ಮುಂದೆ, ಮರುದಿನ 10 ಹಿಂದೆ ಬಿದ್ದು ವಾರದ ಕೊನೆಗೆ ಸೊನ್ನೆ ತೋರಿಸುವ ಗಡಿಯಾರವನ್ನು ನಂಬುವ ಹಾಗಿಲ್ಲ. ಹಳೇ ಕಾಲದವರಿಗೆ ಇದು ಚೆನ್ನಾಗಿ ಗೊತ್ತಿತ್ತು. ಲಂಡನ್ ಹತ್ತಿರದ ಕ್ಯೂ ವೀಕ್ಷಣಾಲಯದಲ್ಲಿ 1884ರಿಂದ ಕಿಸೆ ಗಡಿಯಾರಗಳಿಗೆ ಪರೀಕ್ಷೆ ಇರುತ್ತಿತ್ತು. ದೊಡ್ಡ ದರ್ಜೆಯ ಪರೀಕ್ಷೆ 45 ದಿನದ್ದು. ಒಟ್ಟು 100 ಅಂಕ. ದಿನದಿಂದ ದಿನಕ್ಕೆ ವ್ಯತ್ಯಾಸ ಬಾರದೆ ಇದ್ದರೆ 40. ಮಲಗಿಸಿದರೂ ನಿಲ್ಲಿಸಿದರೂ ಒಂದೇ ಸಮ ಓಡಿದರೆ 40. ಬಿಸಿಗೂ ಚಳಿಗೂ ಬದಲಾಗದಿದ್ದರೆ 20. ನೋಡಿ, ಮೂರೂ ಕಡೆ ಅಂಕ ಸಿಗುವುದು ಗಡಿಯಾರ ಒಂದೇ ಸಮ ಓಡುವುದಕ್ಕೆ!

ಹಡಗಿನವರದ್ದೂ ಇದೇ ಲೆಕ್ಕ. ಸಮುದ್ರದಲ್ಲಿ ಪೂರ್ವ ಪಶ್ಚಿಮವಾಗಿ ತಾವು ಎಲ್ಲಿದ್ದೇವೆ ಅಂತ ಅವರು ಕಂಡುಹಿಡಿಯುತ್ತಿದ್ದದ್ದು ಸೂರ್ಯನ ಟೈಮನ್ನು ಗಡಿಯಾರದ ಟೈಮಿಗೆ ಹೋಲಿಸಿ. ಅದಕ್ಕೆ ಇಟ್ಟುಕೊಂಡ ಗಡಿಯಾರವನ್ನು, ಅಂದರೆ ಹಡಗಿನ ಕ್ರೋನೋಮೀಟರನ್ನು, ದಾರಿಯಲ್ಲಿ ಯಾರೂ ತಿರುಗಿಸಿ ಸರಿ ಮಾಡುತ್ತಿರಲಿಲ್ಲ. ಅದು ದಿನಕ್ಕೆ ಎಷ್ಟು ತಪ್ಪುತ್ತದೆ ಅಂತ ಬರೆದಿಟ್ಟುಕೊಂಡು ಲೆಕ್ಕದಲ್ಲಿ ಕಳೆಯುತ್ತಿದ್ದರು. ತಪ್ಪು ಗೊತ್ತಿಲ್ಲದೆ ಹೋದರೆ ಕಷ್ಟ. ನಮ್ಮ ಮಂಗಳೂರಿನ ಅಕ್ಷಾಂಶದಲ್ಲಿ 4 ಸೆಕೆಂಡು ಅಂದರೆ ಪೂರ್ವ ಪಶ್ಚಿಮವಾಗಿ ಸುಮಾರು 1.8 ಕಿಲೋಮೀಟರ್. ಹತ್ತು ದಿನದ ಪಯಣದಲ್ಲಿ ದಿನಕ್ಕೆ 4 ಸೆಕೆಂಡು ಲೆಕ್ಕ ತಪ್ಪಿದರೆ 18 ಕಿಲೋಮೀಟರ್. ನಮ್ಮ ಕರಾವಳಿ ಉತ್ತರ ದಕ್ಷಿಣವಾಗಿ ಚಾಚಿದೆ ಅಲ್ವಾ, ಪಡುವಣದಿಂದ ಬರುವ ಹಡಗಿನವನು ದಂಡೆ ಇನ್ನೂ 18 ಕಿಲೋಮೀಟರ್ ದೂರ ಉಂಟು ಅಂದುಕೊಳ್ಳುವ ಹೊತ್ತಿಗೆ ಅದು ಎದುರಿಗೇ ಇರಬಹುದು. ಪಣಂಬೂರಿನಲ್ಲಿ ಸಂಜೆ ನಿಂತು ಹಡಗುಗಳನ್ನು ನೋಡುವಾಗ ನನಗೆ ಈ ಲೆಕ್ಕವೇ ನೆನಪಾಗುತ್ತದೆ.

ರೈಲಿನದ್ದು ಬೇರೆ ಕಥೆ, ಆದರೆ ಅಲ್ಲೂ ಬರುವುದು ಈ 4 ಸೆಕೆಂಡೇ. 1891ರ ಏಪ್ರಿಲಿನಲ್ಲಿ ಅಮೆರಿಕದ ಓಹಾಯೋ ರಾಜ್ಯದ ಕಿಪ್ಟನ್ ಅನ್ನುವಲ್ಲಿ ಎರಡು ರೈಲು ಎದುರೆದುರು ಡಿಕ್ಕಿ ಹೊಡೆದವು. ಒಬ್ಬ ಚಾಲಕನ ಗಡಿಯಾರ 4 ನಿಮಿಷ ನಿಂತು ಮತ್ತೆ ಓಡಿತ್ತು ಅಂತ ಹೇಳುತ್ತಾರೆ. ಅದಾದ ಮೇಲೆ ವೆಬ್ ಬಾಲ್ ಅನ್ನುವ ಆಭರಣ ವ್ಯಾಪಾರಿಯನ್ನು ಕರೆದು ರೈಲ್ವೆ ಗಡಿಯಾರಗಳಿಗೆ ಬಿಗಿಯಾದ ನಿಯಮ ಮಾಡಿದರು. ಕನಿಷ್ಠ 17 ಕಲ್ಲು, ದೊಡ್ಡ ಅಂಕಿಯ ಡಯಲ್, 5 ಭಂಗಿಗಳಲ್ಲಿ ಹೊಂದಿಸಿರಬೇಕು, ವಾರಕ್ಕೆ 30 ಸೆಕೆಂಡಿಗಿಂತ ಜಾಸ್ತಿ ತಪ್ಪಬಾರದು. ಭಾಗಿಸಿ ನೋಡಿ, ದಿನಕ್ಕೆ 4 ಚಿಲ್ಲರೆ. ನನ್ನ ಹತ್ತಿರ ಒಂದು ವಾಲ್ಥಮ್ ರಿವರ್‌ಸೈಡ್ ಉಂಟು, 17 ಕಲ್ಲಿನದ್ದು, ಮುಂಬೈಯ ಚೋರ್ ಬಜಾರಿನಲ್ಲಿ ಸಿಕ್ಕಿದ್ದು. ಆ ಕಾರ್ಖಾನೆ ಇದ್ದದ್ದು ಮ್ಯಾಸಚೂಸೆಟ್ಸಿನ ವಾಲ್ಥಮಿನಲ್ಲಿ, ಚಾರ್ಲ್ಸ್ ನದಿಯ ದಡದಲ್ಲಿ.

ನಮ್ಮ ಊರಿಗೆ ರೈಲು ಬಂದದ್ದು 1907ರಲ್ಲಿ. ಅದಕ್ಕೆ ಸ್ವಲ್ಪ ಮೊದಲು, 1906ರಲ್ಲಿ, ದೇಶಕ್ಕೆ ಅಂತ ಒಂದು ಟೈಮ್ ಬಂತು. ಅಂದರೆ ಮಂಗಳೂರಿಗೆ ಬಂದ ರೈಲು ಮೊದಲಿನಿಂದಲೂ ಈ ಹೊಸ ಟೈಮಿನ ರೈಲು. ಸೂರ್ಯನ ಲೆಕ್ಕ ಹಿಡಿದರೆ ನಮ್ಮ ಟೈಮ್ ಭಾರತದ ಟೈಮಿಗಿಂತ ಅರ್ಧ ಗಂಟೆಗೆ ಸ್ವಲ್ಪ ಜಾಸ್ತಿಯೇ ಹಿಂದೆ, ಗಡಿಯಾರದಲ್ಲಿ 12 ಹೊಡೆದಾಗ ಇಲ್ಲಿ ಸೂರ್ಯ ಇನ್ನೂ ನೆತ್ತಿಗೆ ಬಂದಿರುವುದಿಲ್ಲ. ಉಡುಪಿ ನಮಗಿಂತ ಸ್ವಲ್ಪ ಪಡುವಣಕ್ಕೆ ಉಂಟು. ಅಲ್ಲಿ ಸೂರ್ಯ ನೆತ್ತಿಗೆ ಬರುವುದು ಇಲ್ಲಿಗಿಂತ 20 ಸೆಕೆಂಡಿಗೆ ಸ್ವಲ್ಪ ಜಾಸ್ತಿ ತಡವಾಗಿ. ಉಡುಪಿ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಈ ಗಡಿಯಾರ ಕೈಯಲ್ಲಿ ಹಿಡಿದಾಗ ಎಷ್ಟೋ ಸಲ ಅನಿಸಿದ್ದುಂಟು: ಎರಡು ಊರಿನ ಸೂರ್ಯನ ನಡುವಿನ ಅಂತರವನ್ನು ನೂರು ವರ್ಷ ಹಳೆಯ ಈ ಯಂತ್ರ ಕಿಸೆಯಲ್ಲಿ ಇಟ್ಟುಕೊಂಡೇ ಹೇಳಬಲ್ಲದು.

ಶಾಖದ ವಿಷಯ ಸ್ವಲ್ಪ ಹೇಳಲೇಬೇಕು, ಯಾಕೆಂದರೆ ಇದರಲ್ಲಿರುವ ಬುದ್ಧಿವಂತಿಕೆ ನನಗೆ ಎಲ್ಲಕ್ಕಿಂತ ಇಷ್ಟ. ಸಾದಾ ಉಕ್ಕಿನ ಹೇರ್‌ಸ್ಪ್ರಿಂಗ್ ಬಿಸಿಯಾದರೆ ಸಡಿಲವಾಗುತ್ತದೆ, ಗಡಿಯಾರ ನಿಧಾನವಾಗುತ್ತದೆ. ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ದಿನಕ್ಕೆ ಸುಮಾರು 10 ಸೆಕೆಂಡು. ಇದಕ್ಕೆ ಪರಿಹಾರವಾಗಿ ಬ್ಯಾಲೆನ್ಸ್ ಚಕ್ರದ ಅಂಚನ್ನು ಎರಡು ಲೋಹ ಬೆಸೆದು ಮಾಡಿದರು, ಒಳಗೆ ಉಕ್ಕು, ಹೊರಗೆ ಹಿತ್ತಾಳೆ. ಅಂಚನ್ನು ಎರಡು ಕಡೆ ಕತ್ತರಿಸಿ ಬಿಟ್ಟರು. ಬಿಸಿಯಾದರೆ ಹಿತ್ತಾಳೆ ಜಾಸ್ತಿ ಹಿಗ್ಗುತ್ತದೆ, ತುದಿಗಳು ಒಳಗೆ ಬಾಗುತ್ತವೆ, ಚಕ್ರ ಚಿಕ್ಕದಾದ ಹಾಗಾಗಿ ಬೇಗ ತಿರುಗುತ್ತದೆ. ಸ್ಪ್ರಿಂಗ್ ಕಳೆದುಕೊಂಡದ್ದನ್ನು ಚಕ್ರ ತುಂಬಿಕೊಡುತ್ತದೆ. ಬ್ಯಾಟರಿ ಇಲ್ಲ, ಏನಿಲ್ಲ. ಅಂಚಿನ ಸ್ಕ್ರೂಗಳನ್ನು ಒಂದು ತೂತಿನಿಂದ ಇನ್ನೊಂದಕ್ಕೆ ಬದಲಾಯಿಸಿ, ಒಲೆಯಲ್ಲೂ ಮಂಜಿನ ಪೆಟ್ಟಿಗೆಯಲ್ಲೂ ಇಟ್ಟು ನೋಡಿ, ಮತ್ತೆ ಬದಲಾಯಿಸಿ, ವಾರಗಟ್ಟಲೆ ಹೊಂದಿಸುವವರು ಇದ್ದರು. ಅವರ ಹೆಸರು ಗಡಿಯಾರದ ಮೇಲೆ ಇರುವುದಿಲ್ಲ. ಮೆಷಿನಿನ ಮೇಲೆ 'ಅಡ್ಜಸ್ಟೆಡ್' ಅಂತ ಒಂದು ಶಬ್ದ ಇರುತ್ತದೆ, ಅಷ್ಟೆ. ಈ ಸಮಸ್ಯೆಗೆ ಇನ್ನೂ ಒಳ್ಳೆಯ ದಾರಿ ತೋರಿಸಿದ್ದು ಸ್ವಿಸ್ ವಿಜ್ಞಾನಿ ಶಾರ್ಲ್ ಎಡ್ವಾರ್ ಗಿಯೋಮ್, ನಿಕ್ಕೆಲ್ ಬೆರೆಸಿದ ಉಕ್ಕಿನ ಗುಣಗಳನ್ನು ಹುಡುಕಿ. 1920ರ ಭೌತವಿಜ್ಞಾನದ ನೊಬೆಲ್ ಅವರಿಗೇ ಬಂತು. ಅವರು ಗಡಿಯಾರ ಮಾಡುವವರ ಮಗ.

ಇಷ್ಟೆಲ್ಲ ಬುದ್ಧಿ ಖರ್ಚು ಮಾಡಿದವರು ನಮ್ಮ ಆಟಿ ತಿಂಗಳ ಮಳೆಯನ್ನು ನೋಡಿರಲಿಲ್ಲ. ಎರಡನೇ ವರ್ಷ ನಾನು ಆ ವಾಲ್ಥಮನ್ನು ಒಂದು ವೆಲ್ವೆಟ್ ಚೀಲದಲ್ಲಿ ಹಾಕಿ ಕಪಾಟಿನಲ್ಲಿ ಇಟ್ಟಿದ್ದೆ. ಮನೆಯಲ್ಲಿ ಮದುವೆ ಓಡಾಟ ಇತ್ತು, ಎರಡು ತಿಂಗಳು ಮುಟ್ಟಲಿಲ್ಲ. ಚೌತಿಯ ಹೊತ್ತಿಗೆ ತೆಗೆದರೆ ಚೀಲಕ್ಕೆ ಬೂಷ್ಟು ವಾಸನೆ. ಗಡಿಯಾರ ಓಡಿತು, ಆದರೆ ನೋಟ್‌ಬುಕ್ಕಿನ ಆ ಪುಟ ಈಗ ನೋಡಿದರೂ ಸಂಕಟ ಆಗುತ್ತದೆ: 11 ಮುಂದೆ, 19 ಹಿಂದೆ, 7 ಹಿಂದೆ, 26 ಹಿಂದೆ. ಹಿರಿಯರ ಹತ್ತಿರ ಓಡಿದೆ. ಅವರು ಐ ಗ್ಲಾಸನ್ನು ನನ್ನ ಕಣ್ಣಿಗೇ ಇಟ್ಟು ತೋರಿಸಿದರು. ಹೇರ್‌ಸ್ಪ್ರಿಂಗಿನ ಹೊರಗಿನ ಸುತ್ತಿನಲ್ಲಿ ಒಂದು ಕೆಂಪು ಚುಕ್ಕೆ. ರಾಗಿ ಕಾಳಿಗಿಂತ ಎಷ್ಟೋ ಚಿಕ್ಕದು. ತುಕ್ಕು.

ಅದನ್ನು ಒರೆಸಿ ತೆಗೆಯಬಹುದು, ಆದರೆ ತಿಂದು ಹೋದ ಉಕ್ಕು ವಾಪಸ್ ಬರುವುದಿಲ್ಲ. ಬೇರೆ ಹಾಳಾದ ವಾಲ್ಥಮ್ ಮೆಷಿನಿನಿಂದ ಸ್ಪ್ರಿಂಗ್ ತೆಗೆದು ಹೊಂದಿಸಲು ಅವರಿಗೆ ನಾಲ್ಕು ತಿಂಗಳು ಬೇಕಾಯಿತು. ಈಗ ಓಡುತ್ತದೆ, ಆದರೆ ಕಾರ್ಖಾನೆಯಲ್ಲಿ ಆ ಚಕ್ರಕ್ಕೆ ಅಂತಲೇ ಹೊಂದಿಸಿದ್ದ ಸ್ಪ್ರಿಂಗ್ ಹೋಯಿತು. ನೂರು ವರ್ಷ ಉಳಿದು ಬಂದದ್ದು ನನ್ನ ಕೈಯಲ್ಲಿ ಹೋಯಿತು ಅನ್ನುವ ಬೇಸರ ಇನ್ನೂ ಇದೆ. ಕರಾವಳಿಯಲ್ಲಿ ಇರುವ ಯಾರಾದರೂ ಇದನ್ನು ಓದುತ್ತಿದ್ದರೆ ದಯವಿಟ್ಟು ಬಟ್ಟೆ ಚೀಲ, ಚರ್ಮದ ಚೀಲ ಬೇಡ. ಗಾಳಿಯಾಡದ ಡಬ್ಬಿ, ಒಳಗೆ ಬಣ್ಣ ಬದಲಾಗುವ ಸಿಲಿಕಾ ಜೆಲ್. ಬಣ್ಣ ಬದಲಾದ ಕೂಡಲೇ ಕಾಳನ್ನು ಬಿಸಿ ಮಾಡಿ ಒಣಗಿಸಿ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಡಬ್ಬಿ ನೋಡಿ. ಅಕ್ಕಿ ಡಬ್ಬದಲ್ಲಿ ಹಾಕಿಡುವವರೂ ಇದ್ದಾರೆ, ಬೇಡ, ಅದರ ಹಿಟ್ಟು ಒಳಗೆ ಹೋಗುತ್ತದೆ. ಸ್ಪೀಕರ್, ಫೋನಿನ ಹತ್ತಿರವೂ ಇಡಬೇಡಿ. ಹೇರ್‌ಸ್ಪ್ರಿಂಗಿಗೆ ಅಯಸ್ಕಾಂತ ಹಿಡಿದರೆ ಸುತ್ತುಗಳು ಒಂದಕ್ಕೊಂದು ಅಂಟಿ ಗಡಿಯಾರ ಸಿಕ್ಕಾಪಟ್ಟೆ ಫಾಸ್ಟ್ ಆಗುತ್ತದೆ.

ಕೊಳ್ಳುವವರಿಗೆ ಹೇಳುವುದು ಒಂದೇ. ಕೇಸ್ ನೋಡಿ ಮರುಳಾಗಬೇಡಿ, ಮುಚ್ಚಳ ತೆಗೆದು ಮೆಷಿನ್ ತೋರಿಸಿ ಅನ್ನಿ. ತೋರಿಸದಿದ್ದರೆ ನಮಸ್ಕಾರ ಹೇಳಿ ಬನ್ನಿ. ಪಿಂಗಾಣಿ ಡಯಲನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ಕೂದಲೆಳೆ ಬಿರುಕು ಕಾಣುತ್ತದೆ. ಸಣ್ಣ ಬಿರುಕು ಪರವಾಗಿಲ್ಲ. ಸ್ಕ್ರೂಗಳ ತಲೆ ಕೆರೆದು ಹೋಗಿದ್ದರೆ ಒಳಗೆ ಒರಟು ಕೈ ಆಡಿದೆ ಅಂತ ತಿಳಿಯಿರಿ. ರೈಲಿನ ಚಿತ್ರ ಕೆತ್ತಿದ, ಪಳಪಳ ಹೊಳೆಯುವ ಹಿತ್ತಾಳೆ ಗಡಿಯಾರಗಳು ಎಲ್ಲ ಕಡೆ ಸಿಗುತ್ತವೆ. ಅವು ಹಳೆಯವೂ ಅಲ್ಲ, ರೈಲ್ವೆಯವೂ ಅಲ್ಲ.

ಮತ್ತೆ ಮನೆಯಲ್ಲಿ ಅಜ್ಜನ ಕಾಲದ ಚಿನ್ನದ ಗಡಿಯಾರ ಇರುವವರಲ್ಲಿ ಒಂದು ಬೇಡಿಕೆ. ಚಿನ್ನಕ್ಕೆ ರೇಟು ಏರಿದಾಗಲೆಲ್ಲ ಕೇಸನ್ನು ಕರಗಿಸಿ ಬಳೆಯೋ ಸರವೋ ಮಾಡಿಸುತ್ತಾರೆ, ಮೆಷಿನನ್ನು ಒಂದು ಕಾಗದದ ಪೊಟ್ಟಣದಲ್ಲಿ ಕಟ್ಟಿ ವಾಪಸ್ ಕೊಡುತ್ತಾರೆ. ಅಂಥ ಏಳು ಪೊಟ್ಟಣ ನನಗೆ ಸಿಕ್ಕಿವೆ. ಒಂದರ ಕೆಲಸ ಎಷ್ಟು ನುಣುಪು ಅಂದರೆ ಅದನ್ನು ಮಾಡಿದವರು ಇದು ಹೀಗೆ ಬರಿಮೈಯಲ್ಲಿ ಪೊಟ್ಟಣದೊಳಗೆ ಬಂದು ಸೇರುತ್ತದೆ ಅಂತ ಕನಸಿನಲ್ಲೂ ಎಣಿಸಿರಲಾರರು. ಮದುವೆ ಖರ್ಚಿಗೆ ದುಡ್ಡು ಬೇಕಾದೀತು, ನನಗೆ ಅರ್ಥ ಆಗುತ್ತದೆ. ಕರಗಿಸುವ ಮೊದಲು ಗೊತ್ತಿರುವ ಒಬ್ಬರಿಗೆ ತೋರಿಸಿ. ಚಿನ್ನದ ರೇಟಿಗಿಂತ ಜಾಸ್ತಿ ಕೊಟ್ಟು ಇಡಿಯಾಗಿ ತೆಗೆದುಕೊಳ್ಳುವವರು ಇರುತ್ತಾರೆ.

ನನ್ನ ಜೆನಿತಿನ ಹಿಂದಿನ ಮುಚ್ಚಳದ ಒಳಮೈಯಲ್ಲಿ ಸೂಜಿಯಿಂದ ಗೀಚಿದ ಗುರುತುಗಳಿವೆ. ಕನ್ನಡಕ ಹಾಕಿದರೂ ಕಾಣುವುದಿಲ್ಲ, ಲೆನ್ಸ್ ಬೇಕು. ಹಿಂದೆ ರಿಪೇರಿ ಮಾಡಿದವರು ತಮ್ಮ ಗುರುತು, ತಿಂಗಳು, ವರ್ಷ ಹೀಗೆ ಗೀಚಿಡುತ್ತಿದ್ದರು, ಮುಂದೆ ಬಂದರೆ ತಾವೇ ಮಾಡಿದ್ದು ಅಂತ ಗೊತ್ತಾಗಲಿ ಅಂತ. ನಾಲ್ಕು ಗುರುತು ಉಂಟು. ಮೂರು ಇಂಗ್ಲಿಷಿನಲ್ಲಿ. ನಾಲ್ಕನೆಯದು 'ಬ' ಅನ್ನುವ ಒಂದು ಅಕ್ಷರ, ಪಕ್ಕದಲ್ಲಿ ಕನ್ನಡ ಅಂಕಿಯಲ್ಲಿ ಐವತ್ತನಾಲ್ಕು. ಹಿರಿಯರಿಗೆ ತೋರಿಸಿದಾಗ ಅವರು ತುಂಬ ಹೊತ್ತು ನೋಡಿದರು. "ಇದು ನಮ್ಮ ಕಡೆಯವರದ್ದೇ. ನಾನು ಕೆಲಸ ಕಲಿಯುವ ಮೊದಲಿನದ್ದು" ಅಂದರು. ಯಾರು ಅಂತ ಅವರಿಗೂ ಗೊತ್ತಿಲ್ಲ. ಗುಜರಿಗೆ ಬರುವ ಮೊದಲು ಈ ಗಡಿಯಾರವನ್ನು ಇಲ್ಲೇ ಎಲ್ಲೋ ಒಬ್ಬರು ಹೀಗೆಯೇ ಬಿಚ್ಚಿ, ತೊಳೆದು, ಜೋಡಿಸಿ, ಅದು ಓಡಲು ಶುರುವಾದದ್ದನ್ನು ನೋಡಿದ್ದಾರೆ.

ಕಳೆದ ತಿಂಗಳು ಮತ್ತೆ ಸರ್ವಿಸಿಗೆ ಕೊಟ್ಟಿದ್ದೆ. ವಾಪಸ್ ತೆಗೆದುಕೊಳ್ಳುವಾಗ "ನಿಮ್ಮ ಗುರುತೂ ಅಲ್ಲಿ ಹಾಕಿ" ಅಂತ ಕೇಳಿದೆ.

"ಚೆಂದದ ಬೆಳ್ಳಿ ಮಾರಾಯ್ರೆ, ಸುಮ್ನೆ ಯಾಕೆ ಗೀಚುವುದು? ನಿಮ್ಮ ಪುಸ್ತಕ ಕೊಡಿ."

ಕಿವಿಯ ಮೇಲಿದ್ದ ಪೆನ್ಸಿಲ್ ತೆಗೆದು, ನನ್ನ ನೋಟ್‌ಬುಕ್ಕಿನ ಅಂಚಿನಲ್ಲಿ ತಾರೀಕು ಬರೆದು, ಅದರ ಪಕ್ಕ ತಮ್ಮ ಹೆಸರಿನ ಮೊದಲ ಅಕ್ಷರ ಬರೆದರು. ಅದರ ಕೆಳಗಿನ ಸಾಲುಗಳು ನನ್ನವು. ಇವತ್ತು ಬೆಳಿಗ್ಗೆಯದ್ದು: ಜೆನಿತ್, 4 ಹಿಂದೆ.